ಮೆಟ್ಟಿಲಿಲ್ಲದ ಬೆಟ್ಟಗಳು

ಮೊಣಕಾಲು ನೋವು ಶುರುವಾದ ಮೇಲೆ ಅಮ್ಮ ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲೇ ಹೋಗುತ್ತಾಳೆ. ಬಂದ ಮೇಲೆ ಪ್ರತಿ ಸಲವೂ, "ಮೆಟ್ಟಿಲು ಹತ್ತದೆ ನೋಡಿದ ದೇವಿ ಅರ್ಧ ದೇವಿ" ಎಂದು ಗೊಣಗುತ್ತಾಳೆ. ಅಂಥವಳನ್ನು ಸ್ವಿಟ್ಜರ್ಲೆಂಡಿಗೆ ಕರೆದುಕೊಂಡು ಹೋಗುತ್ತೇನೆಂದಾಗ ನೆಂಟರೆಲ್ಲ ಹುಬ್ಬೇರಿಸಿದರು. ಬೆಟ್ಟ ಹತ್ತುವ ಕೆಲಸವನ್ನು ರೈಲಿಗೆ ಒಪ್ಪಿಸಿ 150 ವರ್ಷ ದಾಟಿದ ದೇಶವದು ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಲೂಸರ್ನ್‌ನಲ್ಲಿ ಇಳಿದೆವು. ರೈಲು ನಿಲ್ದಾಣದ ಎದುರಿಗೇ ದೋಣಿಕಟ್ಟೆ, ಅದರಾಚೆ ಸರೋವರ. ಅಮ್ಮನ ಮಟ್ಟಿಗೆ ಅದು ಕೆರೆ. "ಕುಕ್ಕರಹಳ್ಳಿ ಕೆರೆಯ ಹಾಗೇ ಇದೆ, ಏರಿ ಎಲ್ಲಿ?" ಎಂದು ಸುತ್ತ ಹುಡುಕಿದಳು. ಹಿಮನದಿ ಕೊರೆದ ತಗ್ಗಿನಲ್ಲಿ ನಿಂತ ನೀರಿಗೆ ಏರಿ ಬೇಕಾಗಿಲ್ಲ ಎಂದು ಮೇಷ್ಟರಂತೆ ವಿವರಿಸಿದೆ. ಹದಿನಾಲ್ಕನೆಯ ಶತಮಾನದ ಮರದ ಸೇತುವೆಯನ್ನೂ, 1993ರ ಬೆಂಕಿಯಲ್ಲಿ ಅದರ ಮಾಡಿನಡಿಯ ಚಿತ್ರಗಳಲ್ಲಿ ಹೆಚ್ಚಿನವು ಸುಟ್ಟುಹೋದ ಗುರುತನ್ನೂ ಎಲ್ಲರಂತೆ ನೋಡಿ ಮುಂದೆ ಹೋದೆವು. ಅಲ್ಲೇ ಕೆಳಗೆ, ರೂಸ್ ನದಿ ಸರೋವರದಿಂದ ಹೊರಬೀಳುವ ದಾರಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಒಂದು ಅಡ್ಡಗಟ್ಟೆಯಿದೆ. ಸಾಲಾಗಿ ನಿಲ್ಲಿಸಿದ ಮರದ ಪಟ್ಟಿಗಳು. ಕೈಯಿಂದ ಒಂದೊಂದನ್ನೇ ಇಳಿಸಿ, ತೆಗೆದು ನೀರಿನ ಮಟ್ಟ ಕಾಯುತ್ತಾರೆ. "ನೋಡು, ತೂಬು ಇದೆಯಲ್ಲ!" ಎಂದಳು ಅಮ್ಮ. ಮೇಷ್ಟರು ಸುಮ್ಮನಾದರು.

ಅಲ್ಲಿಂದ ಇಂಟರ್ಲಾಕೆನ್. ಥೂನ್ ಮತ್ತು ಬ್ರಿಯೆನ್ಸ್ ಎಂಬ ಎರಡು ಸರೋವರಗಳ ನಡುವಿನ ಊರು, ಅಂಗಡಿಗಳೇ ಹೆಚ್ಚು. ಕಾಫಿಯ ಬೆಲೆ ಕೇಳಿದಾಗಲೆಲ್ಲ ಅಮ್ಮನಿಗೆ ಅರ್ಧ ಮಾತ್ರ ಹೇಳುತ್ತಿದ್ದೆ. ಆ ಅರ್ಧಕ್ಕೇ ಅವಳು ಎರಡನೆಯ ದಿನದಿಂದ ಕಾಫಿ ಬಿಟ್ಟಳು.

ಎಲ್ಲರೂ ಹೋಗುವ ಯುಂಗ್‌ಫ್ರಾವ್‌ಯೋಖ್‌ಗೆ ನಾವೂ ಹೋದೆವು. 3,454 ಮೀಟರ್ ಎತ್ತರದ ರೈಲು ನಿಲ್ದಾಣ. 1896ರಲ್ಲಿ ಶುರುವಾದ ರೈಲುದಾರಿಯ ಕೆಲಸ, ಐಗರ್ ಪರ್ವತದ ಹೊಟ್ಟೆಯೊಳಗೆ ಸುರಂಗ ಕೊರೆದು ಮುಗಿಯುವಷ್ಟರಲ್ಲಿ 1912 ಆಗಿತ್ತು. ಆ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ಮೇಲೆ ಸಿಕ್ಕಿದ್ದು ಚಾಕೊಲೇಟ್ ಅಂಗಡಿ, ಲಿಫ್ಟ್, ಫೋಟೋಗೆ ಸರದಿ. ಗಾಜಿನಾಚೆ ಅಲೆಚ್ ಹಿಮನದಿ, ಇಡೀ ಆಲ್ಪ್ಸ್‌ನಲ್ಲೇ ಅತಿ ಉದ್ದನೆಯದು, ಬೂದಿ ಬಣ್ಣದ ಗೆರೆಗಳನ್ನು ಎಳೆದುಕೊಂಡು ಮಲಗಿತ್ತು. ಅಮ್ಮನಿಗೆ ತಲೆ ಸುತ್ತತೊಡಗಿತು. ಅಷ್ಟು ಎತ್ತರದಲ್ಲಿ ಗಾಳಿಯೂ ತೆಳು. ಬೇಗ ಇಳಿದೆವು. "ಹತ್ತಿದ ಹಾಗೇ ಅನ್ನಿಸಲಿಲ್ಲ, ಇಳಿದ ಹಾಗೂ ಅನ್ನಿಸಲಿಲ್ಲ" ಎಂದಳು. ಅಷ್ಟು ದುಡ್ಡು ಸುರಿದ ನನಗೆ ಒಳಗೊಳಗೇ ಸಿಟ್ಟು ಬಂತು, ಅವಳು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು.

ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದು ರಿಗಿ ಬೆಟ್ಟ. ಲೂಸರ್ನ್‌ಗೆ ಮರಳಿ, ಅಲ್ಲಿಂದ ದೋಣಿಯಲ್ಲಿ ಒಂದು ಗಂಟೆ ಸಾಗಿ ವಿಟ್ಸ್‌ನಾವ್ ಸೇರಿದೆವು. ಇಲ್ಲಿಂದ ಮೇಲಕ್ಕೆ 1871ರಲ್ಲಿ ಓಡಿದ್ದು ಯುರೋಪಿನ ಮೊದಲ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಏಣಿಯಂತೆ ಮೂರನೆಯದೊಂದು. ಬಂಡಿಯಡಿಯ ಹಲ್ಲಿನ ಚಕ್ರ ಅದರ ಮೆಟ್ಟಿಲುಗಳನ್ನು ಕಚ್ಚಿಕೊಂಡು ಏರುತ್ತದೆ. ಕಟ್ಟಿದವನು ರಿಗೆನ್‌ಬಾಖ್ ಎಂಬ ಎಂಜಿನಿಯರ್. ಅವನ ಕೈಕೆಳಗೆ ಕೆಲಸ ಮಾಡಿದ ರೋಮನ್ ಆಬ್ಟ್ ಮುಂದೆ ರೂಪಿಸಿದ ಹಲ್ಲುಹಳಿಯೇ ನಮ್ಮ ಊಟಿ ರೈಲಿನದು. ಅದರ ಹಳೆಯ ಹಬೆ ಎಂಜಿನ್ನುಗಳು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದಲೇ. ಇದನ್ನು ಹೇಳಿದ್ದೇ ತಡ, ಅಮ್ಮ ಕಿಟಕಿಗೆ ತಲೆಯಾನಿಸಿ ಕುಳಿತಳು. ಅಪ್ಪನ ಜೊತೆ ಮೇಟ್ಟುಪಾಳ್ಯದಿಂದ ಕೂನೂರಿಗೆ ಹೋದಾಗ ಕಲ್ಲಾರಿನಲ್ಲಿ ಕೇಳಿದ ಕಟಕಟ ಸದ್ದು ಇದೇ ಎಂದಳು. ಮದುವೆಯಾದ ವರ್ಷದ ಆ ಪ್ರಯಾಣದ ಬಗ್ಗೆ ನನಗೆ ಅದುವರೆಗೆ ಗೊತ್ತೇ ಇರಲಿಲ್ಲ.

ರೈಲು ರಿಗಿ ಕುಲ್ಮ್‌ನಲ್ಲಿ ನಿಲ್ಲುತ್ತದೆ. ತುದಿ 1,798 ಮೀಟರ್. ನಿಲ್ದಾಣ ಅದಕ್ಕಿಂತ ತುಸು ಕೆಳಗೆ. ಉಳಿದದ್ದನ್ನು ನಡೆದೇ ಏರಬೇಕು. "ಇಲ್ಲೇ ಕೂರೋಣ ಅಮ್ಮ" ಎಂದೆ. ಅವಳು ಆಗಲೇ ಕೋಲು ಊರಿದ್ದಳು. ನಾಲ್ಕು ಕಡೆ ನಿಂತಳು, ಕೈ ಕೊಟ್ಟರೆ ತಳ್ಳಿದಳು. ಅಂತೂ ತುದಿ ಮುಟ್ಟುವ ಹೊತ್ತಿಗೆ ದಟ್ಟ ಮಂಜು ಕವಿದು ಹಿಮಶಿಖರಗಳೂ ಇಲ್ಲ, ಸರೋವರವೂ ಇಲ್ಲ; ಎಲ್ಲೋ ಕೆಳಗೆ ಹಸುಗಳ ಕೊರಳ ಗಂಟೆ ಮಾತ್ರ.

"ಮಂಜು ಸರಿಯುವವರೆಗೆ ಕಾಯೋಣವೇ?" ಎಂದೆ.

"ಏನು ನೋಡುವುದಕ್ಕೆ?" ಎನ್ನುತ್ತಾ ಅಮ್ಮ ಬೆಂಚಿನ ಮೇಲೆ ಕುಳಿತು ಚಪಾತಿ, ಚಟ್ನಿಪುಡಿಯ ಪೊಟ್ಟಣ ಬಿಚ್ಚಿದಳು.