ಮೋಡೆಮ್ ಉತ್ತರ ಕೊಡುವವರೆಗೆ ಕಾಯಬೇಕು

1999ರಲ್ಲಿ ನಾನು ಮಲ್ಲೇಶ್ವರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುವ ಆಫೀಸು. ಅಲ್ಲಿನ ಮುಖ್ಯ ಯಂತ್ರ ಸನ್ ಕಂಪನಿಯ ಅಲ್ಟ್ರಾ 5 ವರ್ಕ್‌ಸ್ಟೇಷನ್, ಅದರ ಮೇಲೆ ಸೊಲಾರಿಸ್ 2.6 ಆಪರೇಟಿಂಗ್ ಸಿಸ್ಟಮ್. ಫೋನ್ ಲೈನ್ ಒಂದೇ. ಹಗಲು ಅದರಲ್ಲಿ ಮಾತುಕತೆ. ಮೇಲ್ ಮತ್ತು ಗ್ರಾಹಕರಿಗೆ ಹೋಗಬೇಕಾದ ಫೈಲುಗಳೆಲ್ಲ ರಾತ್ರಿ ಅದೇ ಲೈನಿನಲ್ಲಿ, ಡೇಟಾವನ್ನು ಫೋನಿನ ಸದ್ದಾಗಿ ಬದಲಿಸುವ ಮೋಡೆಮ್ ಮೂಲಕ ಹೋಗಬೇಕು. ಅಂದರೆ ಯಾರೂ ಇಲ್ಲದ ಹೊತ್ತಲ್ಲಿ ಯಂತ್ರವೇ ಡಯಲ್ ಮಾಡಿ, ಲಾಗಿನ್ ಆಗಿ, ಕೆಲಸ ಮುಗಿಸಿ ಫೋನ್ ಇಡಬೇಕು. ಆ ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದ ಕೋಡ್‌ಗಳಲ್ಲಿ ಇವತ್ತಿಗೂ ನನಗೆ ತುಂಬಾ ಇಷ್ಟವಾದದ್ದು ಅದೇ.

ಸೊಲಾರಿಸ್ ಜೊತೆಗೇ ಫೋನ್ ಲೈನಿನ ಮೇಲೆ ನೆಟ್‌ವರ್ಕ್ ಜೋಡಿಸುವ ಪಿಪಿಪಿಯ ಒಂದು ಪ್ರೋಗ್ರಾಂ ಬರುತ್ತಿತ್ತು, ಎಎಸ್‌ಪಿಪಿಪಿಡಿ ಅಂತ. ಡಯಲ್ ಮಾಡಲು ಅದು ಯುಯುಸಿಪಿಯ (ಯುನಿಕ್ಸ್ ಯಂತ್ರಗಳು ಡಯಲ್ ಮಾಡಿ ಫೈಲು, ಮೇಲ್ ಸಾಗಿಸುತ್ತಿದ್ದ ವ್ಯವಸ್ಥೆ) ಸಿಸ್ಟಮ್ಸ್, ಡಿವೈಸಸ್, ಡಯಲರ್ಸ್ ಎಂಬ ಹಳೆಯ ಫೈಲುಗಳನ್ನು ಓದುತ್ತಿತ್ತು. ಕೆಲಸವೇನೋ ಮಾಡುತ್ತಿತ್ತು, ಆದರೆ ಎಲ್ಲಾದರೂ ನಿಂತರೆ ಯಾಕೆ ನಿಂತಿತು ಅಂತ ಹುಡುಕುವುದು ಕಷ್ಟ. ಹಾಗಾಗಿ ಅದೇ ಕೆಲಸ ಮಾಡುವ ಪಿಪಿಪಿಡಿ 2.3ರ ಸೋರ್ಸ್ ತಂದು ಕಂಪೈಲ್ ಮಾಡಿದೆ. ಆಗ ಅದನ್ನು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಾಲ್ ಮ್ಯಾಕೆರಸ್ ನೋಡಿಕೊಳ್ಳುತ್ತಿದ್ದರು. ಅದರ ಜೊತೆ ಚಾಟ್ ಅಂತ ಒಂದು ಪುಟ್ಟ ಪ್ರೋಗ್ರಾಂ ಬರುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಸ್ಕ್ರಿಪ್ಟ್‌ಗಿಂತ ಮೊದಲು ಕೇಬಲ್ ಸರಿಯಿರಬೇಕು.

ವರ್ಕ್‌ಸ್ಟೇಷನ್‌ಗೂ ಮೋಡೆಮ್‌ಗೂ ನಡುವೆ ನೇರ ಕೇಬಲ್ ಬೇಕು, ಎರಡು ಕಂಪ್ಯೂಟರ್ ಜೋಡಿಸುವ ನಲ್ ಮೋಡೆಮ್ ಕೇಬಲ್ ಅಲ್ಲ. ಅಲ್ಟ್ರಾ 5ರ ಎ ಪೋರ್ಟ್ 25 ಪಿನ್ನಿನದು, ಬಿ ಪೋರ್ಟ್ ಪಿಸಿಯ ಹಾಗೆ 9 ಪಿನ್ನಿನದು. ಬಿ ಪೋರ್ಟ್ ಬಳಸಿದರೆ ಎಸ್‌ಪಿ ರೋಡಿನಲ್ಲಿ ಸಿಗುವ ಮಾಮೂಲಿ ಮೋಡೆಮ್ ಕೇಬಲ್ಲೇ ಸಾಕು. ಆದರೆ ಒಳಗೆ ಮೂರೇ ತಂತಿ ಇರುವ ಅಗ್ಗದ ಕೇಬಲ್‌ಗಳೂ ಅಲ್ಲಿದ್ದವು. ಅವುಗಳಲ್ಲಿ ಅಕ್ಷರ ಹೋಗುತ್ತದೆ, ಬರುತ್ತದೆ, ಎಲ್ಲ ಸರಿ ಅನಿಸುತ್ತದೆ. ದೊಡ್ಡ ಫೈಲ್ ಕಳಿಸುವಾಗ ಮಾತ್ರ ಡೇಟಾ ಹಾಳಾಗುತ್ತದೆ. ಯಾಕೆಂದರೆ "ಸ್ವಲ್ಪ ತಡಿ" ಅಂತ ಹೇಳುವ 7 ಮತ್ತು 8ನೇ ಪಿನ್ನುಗಳು ಜೋಡಣೆಯೇ ಆಗಿರುವುದಿಲ್ಲ. 1ನೇ ಪಿನ್ನು ಆ ಕಡೆಯ ಮೋಡೆಮ್‌ನ ಸದ್ದು, ಅಂದರೆ ಕ್ಯಾರಿಯರ್, ಇದೆ ಅಂತ ಹೇಳುತ್ತದೆ. 4ನೇ ಪಿನ್ನು ಡಿಟಿಆರ್, ಕಂಪ್ಯೂಟರ್ ಇನ್ನೂ ಸಿದ್ಧವಾಗಿದೆ ಅಂತ ಮೋಡೆಮ್‌ಗೆ ತಿಳಿಸುವ ತಂತಿ. ಮಲ್ಟಿಮೀಟರ್ ಇಟ್ಟು ಒಂದೊಂದೇ ಪಿನ್ ಪರೀಕ್ಷೆ ಮಾಡಿಯೇ ನಾನು ಕೇಬಲ್ ಹಾಕುತ್ತಿದ್ದದ್ದು.

ಸೊಲಾರಿಸ್‌ನಲ್ಲಿ ಆ ಒಂದೇ ಪೋರ್ಟಿಗೆ ಎರಡು ಹೆಸರು. ಟರ್ಮ್ ಅನ್ನುವ ಡೈರೆಕ್ಟರಿಯ ಕೆಳಗೆ ಒಂದು ಬಿ, ಸಿಯುಎ ಅನ್ನುವುದರ ಕೆಳಗೆ ಇನ್ನೊಂದು ಬಿ. ಟರ್ಮ್ ಹೆಸರಿನಿಂದ ತೆರೆದರೆ ಕ್ಯಾರಿಯರ್ ಬರುವವರೆಗೆ ಅದು ತೆರೆಯುವುದೇ ಇಲ್ಲ, ಕಾಯುತ್ತದೆ. ಹೊರಗಿನಿಂದ ಕರೆ ಬರುವುದಾದರೆ ಅದು ಸರಿ. ಆದರೆ ನಾವೇ ಡಯಲ್ ಮಾಡಬೇಕಾದಾಗ ಇನ್ನೂ ಕ್ಯಾರಿಯರ್ ಎಲ್ಲಿಂದ ಬರಬೇಕು? ಅದಕ್ಕೇ ಸಿಯುಎ. ಅದು ಕಾಯದೆ ತೆರೆಯುತ್ತದೆ. ಸನ್ ಯಂತ್ರಗಳು ಕ್ಯಾರಿಯರ್ ತಂತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತೆಯೂ ಹೊಂದಿಸಿರಬಹುದು. ಇಪ್ರಾಮ್ ಕಮಾಂಡ್‌ನಿಂದ ಇಗ್ನೋರ್ ಸಿಡಿ ಅನ್ನುವುದನ್ನು ಫಾಲ್ಸ್ ಮಾಡಬೇಕು. ಇಲ್ಲದಿದ್ದರೆ ಮಧ್ಯದಲ್ಲಿ ಲೈನ್ ಕಟ್ಟಾದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಆ ಪೋರ್ಟಿನಲ್ಲಿ ಲಾಗಿನ್ ಕೇಳುವ ಟಿಟಿವೈಮಾನ್ ಪ್ರೋಗ್ರಾಂ ಓಡುತ್ತಿದ್ದರೆ ಅದನ್ನೂ ಪಿಎಮ್‌ಎಡಿಎಮ್‌ನಿಂದ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಒಂದು ವಿಚಿತ್ರ ನಡೆಯಬಹುದು. ಯಂತ್ರ "ಲಾಗಿನ್" ಅಂತ ಮೋಡೆಮ್‌ಗೆ ಕಳಿಸುತ್ತದೆ. ಮೋಡೆಮ್ ಅದನ್ನೇ ಪ್ರತಿಧ್ವನಿಸುತ್ತದೆ. ಯಾರೋ ಹೆಸರು ಟೈಪ್ ಮಾಡಿದರು ಅಂದುಕೊಂಡು ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ಅದೂ ಪ್ರತಿಧ್ವನಿಯಾಗಿ ವಾಪಸ್ ಬರುತ್ತದೆ. ಇಬ್ಬರೂ ನಿಲ್ಲುವುದೇ ಇಲ್ಲ.

ಇಷ್ಟಾದ ಮೇಲೆ ಟಿಪ್ ಕಮಾಂಡ್ ತೆಗೆದು ಮೋಡೆಮ್ ಜೊತೆ ಕೈಯಾರೆ ಮಾತಾಡಬಹುದು. ಎಟಿ ಅಂತ ಒತ್ತಿದರೆ ಓಕೆ ಅಂತ ಬರಬೇಕು. ಈ ಎಟಿ ಸುಮ್ನೆ ಬಂದದ್ದಲ್ಲ. ಎ ಅಕ್ಷರದ ಬಿಟ್‌ಗಳಲ್ಲಿ ಮೊದಲು ಹೋಗುವ ಸ್ಟಾರ್ಟ್ ಬಿಟ್ ಸೊನ್ನೆ, ಅದರ ಪಕ್ಕದ್ದು ಒಂದು. ಹಾಗಾಗಿ ಸ್ಟಾರ್ಟ್ ಬಿಟ್ ಎಷ್ಟು ಹೊತ್ತು ಇತ್ತು ಅಂತ ಅಳೆದು ಮೋಡೆಮ್ ನಮ್ಮ ಪೋರ್ಟಿನ ವೇಗವನ್ನು ತಾನೇ ಕಂಡುಕೊಳ್ಳುತ್ತದೆ. ಈ ಕಮಾಂಡ್‌ಗಳು ಹೇಯ್ಸ್ ಕಂಪನಿಯ 1981ರ ಸ್ಮಾರ್ಟ್‌ಮೋಡೆಮ್‌ನಿಂದ ಬಂದವು. ಆ ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಡೇಟಾ ಹೋಗುವ ತಂತಿಯಲ್ಲೇ ಡಯಲ್ ಮಾಡು, ಫೋನ್ ಇಡು ಅಂತ ಹೇಳಬಹುದು ಅನ್ನುವುದು ಅದರ ಹೆಚ್ಚುಗಾರಿಕೆ. ಅದಿಲ್ಲದಿದ್ದರೆ ಇಂಥ ಸ್ಕ್ರಿಪ್ಟ್ ಬರೆಯುವ ಮಾತೇ ಇರುತ್ತಿರಲಿಲ್ಲ.

ಹೊರದೇಶದ ಮೋಡೆಮ್ ತಂದು ಡಯಲ್ ಮಾಡಿದರೆ ಬೆಂಗಳೂರಿನಲ್ಲಿ ಅದು ಮೊದಲು ಹೇಳುತ್ತಿದ್ದದ್ದು "ನೋ ಡಯಲ್‌ಟೋನ್". ಫೋನ್ ಎತ್ತಿ ಕೇಳಿದರೆ ಟೋನ್ ಚೆನ್ನಾಗಿಯೇ ಇರುತ್ತದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಎರಡೂ ಸೇರಿದ ಸ್ವರ. ನಮ್ಮದು 400 ಹರ್ಟ್ಸ್, 25 ಹರ್ಟ್ಸ್‌ನಲ್ಲಿ ಕಂಪಿಸುವಂಥದ್ದು. ಆ ಮೋಡೆಮ್ ಅದನ್ನು ಡಯಲ್ ಟೋನ್ ಅಂತ ಒಪ್ಪುವುದಿಲ್ಲ. ಮದ್ದು ಚಿಕ್ಕದು: ಎಟಿ ಎಕ್ಸ್ 3. ಟೋನ್‌ಗೆ ಕಾಯಬೇಡ, ಡಯಲ್ ಮಾಡು ಅಂತ. ಆ ಕಾಲದಲ್ಲಿ ಇದು ಬಾಯಿಂದ ಬಾಯಿಗೆ ಹರಡಿದ ಜ್ಞಾನ. ಆದರೆ ಇದಕ್ಕೆ ಒಂದು ಬೆಲೆ ಇದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಅದೇ ಲೈನಿನಲ್ಲಿ ಮಾತಾಡುತ್ತಿದ್ದರೂ ಮೋಡೆಮ್ ನೋಡದೆ ಡಯಲ್ ಮಾಡುತ್ತದೆ, ಅವರ ಕಿವಿಯೊಳಗೇ ಟೋನ್ ಹೋಗುತ್ತದೆ. ಅದಕ್ಕೇ ನಮ್ಮ ಸ್ಕ್ರಿಪ್ಟನ್ನು ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನಲ್ಲಿ ರಾತ್ರಿ ಮಾತ್ರ ಓಡುವಂತೆ ಇಟ್ಟಿದ್ದೆ.

ಈಗ ಚಾಟ್. ಅದರ ಭಾಷೆ ತೀರಾ ಸರಳ: ಇದಕ್ಕೆ ಕಾಯಿ, ಇದನ್ನು ಕಳಿಸು. ಮತ್ತೆ ಇದಕ್ಕೆ ಕಾಯಿ, ಇದನ್ನು ಕಳಿಸು. ಏನಕ್ಕೂ ಕಾಯದೆ, ಮೋಡೆಮ್ ಮೊದಲ ಸ್ಥಿತಿಗೆ ಮರಳಲಿ ಅಂತ ಎಟಿಝಡ್ ಕಳಿಸು. ಓಕೆಗೆ ಕಾಯಿ, ನಂಬರ್ ಡಯಲ್ ಮಾಡು. ಕನೆಕ್ಟ್‌ಗೆ ಕಾಯಿ. ಲಾಗಿನ್‌ಗೆ ಕಾಯಿ, ಹೆಸರು ಕಳಿಸು. ಪಾಸ್‌ವರ್ಡ್‌ಗೆ ಕಾಯಿ, ಪಾಸ್‌ವರ್ಡ್ ಕಳಿಸು. ಈ ಶೈಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಶುರು ಮಾಡಿದ ಯುಯುಸಿಪಿಯಿಂದ ಬಂದದ್ದು. ನಮ್ಮ ದೇಶದಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲವಾದ ಇಆರ್‌ನೆಟ್‌ನ ಮೊದಲ ಮೇಲ್‌ಗಳು ಓಡಾಡಿದ್ದೂ ಯುಯುಸಿಪಿ ಡಯಲ್-ಅಪ್ ಮೇಲೆಯೇ. ಆ ಜಾಲದಲ್ಲಿ ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಕೂಡ ಇತ್ತು. ಮಲ್ಲೇಶ್ವರದಿಂದ ನಡೆದು ಹೋಗುವಷ್ಟು ಹತ್ತಿರ.

ಲಾಗಿನ್‌ಗೆ ಕಾಯುವಾಗ ಪೂರ್ತಿ ಶಬ್ದ ಬರೆಯಬಾರದು. ಮೊದಲ ಎಲ್ ಅಕ್ಷರ ಬಿಟ್ಟು ಉಳಿದದ್ದಕ್ಕೆ ಕಾಯಬೇಕು. ಒಂದು ಸರ್ವರ್ ದೊಡ್ಡ ಎಲ್ ಕಳಿಸುತ್ತದೆ, ಇನ್ನೊಂದು ಚಿಕ್ಕ ಎಲ್. ಲೈನ್ ಈಗಷ್ಟೇ ಕೂಡಿಕೊಂಡಿರುವಾಗ ಮೊದಲ ಅಕ್ಷರವೇ ಬಿದ್ದುಹೋಗಿರಲೂಬಹುದು. ಎಷ್ಟು ಕಡಿಮೆ ನಿರೀಕ್ಷಿಸಿದರೆ ಅಷ್ಟು ಗಟ್ಟಿ, ಆದರೆ ತಪ್ಪು ಜಾಗದಲ್ಲಿ ಹೊಂದುವಷ್ಟು ಕಡಿಮೆಯೂ ಆಗಬಾರದು.

ಇಡೀ ಕೆಲಸದ ಜೀವ ಇರುವುದು ಕಾಯುವ ಹೊತ್ತಿನಲ್ಲಿ. ಚಾಟ್ ತಾನಾಗಿ ಕಾಯುವುದು 45 ಸೆಕೆಂಡ್. ಮೋಡೆಮ್ ಕ್ಯಾರಿಯರ್‌ಗೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅದರ ಎಸ್7 ರಿಜಿಸ್ಟರ್‌ನಲ್ಲಿರುತ್ತದೆ. ನಮ್ಮ ಮೋಡೆಮ್‌ನಲ್ಲಿ ಅದು 50. ನಂಬರ್ ಒತ್ತಿ, ಆ ಕಡೆ ರಿಂಗಾಗಿ, ಎರಡೂ ಮೋಡೆಮ್‌ಗಳು ಕಿರುಚಾಡಿ ಒಪ್ಪಂದಕ್ಕೆ ಬರುವಷ್ಟರಲ್ಲಿ ಅರ್ಧ ನಿಮಿಷ ಸುಲಭವಾಗಿ ಹೋಗುತ್ತದೆ. ಕೆಟ್ಟ ಲೈನಿನಲ್ಲಿ ಇನ್ನೂ ಜಾಸ್ತಿ. ಮೋಡೆಮ್ ಇನ್ನೇನು ಕನೆಕ್ಟ್ ಅನ್ನಬೇಕು, ಅಷ್ಟರಲ್ಲಿ ಚಾಟ್ ಕೈಬಿಟ್ಟು ಫೋನ್ ಇಟ್ಟುಬಿಡುತ್ತದೆ. ನೋಡುವವರಿಗೆ ಲೈನೇ ಸರಿಯಿಲ್ಲ ಅನಿಸುತ್ತದೆ. ಹಾಗಾಗಿ ನನ್ನ ಸ್ಕ್ರಿಪ್ಟ್‌ನಲ್ಲಿ ಓಕೆಗೆ ಕಾಯುವ ಹೊತ್ತು ಬರೀ 5 ಸೆಕೆಂಡ್, ಡಯಲ್ ಮಾಡಿದ ಮೇಲೆ 90, ಲಾಗಿನ್ ಬಂದಮೇಲೆ ಮತ್ತೆ 30. ಪಕ್ಕದಲ್ಲೇ ಕೂತ ಮೋಡೆಮ್ ಐದು ಸೆಕೆಂಡಿನಲ್ಲಿ ಓಕೆ ಅನ್ನದಿದ್ದರೆ ಅದು ಆಫ್ ಆಗಿದೆ ಅಥವಾ ಕೇಬಲ್ ಕಳಚಿದೆ. ಅದಕ್ಕೆ ಒಂದೂವರೆ ನಿಮಿಷ ಕಾದು ಪ್ರಯೋಜನವಿಲ್ಲ.

ಲಾಗಿನ್ ಆದಮೇಲೆ ಆ ಕಡೆಯಿಂದ ಕಸದಂಥ ಅಕ್ಷರಗಳು ಬರುತ್ತವೆ. ಟಿಲ್ಡೆ (~), ಬಲಗಡೆಯ ಪುಷ್ಪಾವರಣ (}), ಮತ್ತೆ ಟಿಲ್ಡೆ. ಟಿಪ್‌ನಲ್ಲಿ ಕೂತು ಅದನ್ನು ನೋಡಿದಾಗ ನನಗೆ ಆದ ಖುಷಿ ಹೇಳತೀರದು. ಪಿಪಿಪಿಯಲ್ಲಿ ಪ್ರತಿ ಫ್ರೇಮಿನ ಗಡಿ ಗುರುತು ಆ ಟಿಲ್ಡೆ. ಒಳಗೆ ವಿಶೇಷ ಅಕ್ಷರ ಬಂದರೆ ಅದಕ್ಕೆ ಮೊದಲು ಇಡುವ ಗುರುತು ಆ ಪುಷ್ಪಾವರಣ. ಅದು ಕಂಡಿತು ಅಂದರೆ ಆ ಕಡೆಯವರು ಪಿಪಿಪಿ ಶುರು ಮಾಡಿದ್ದಾರೆ ಅಂತ ಅರ್ಥ. ಚಾಟ್‌ನ ಕೆಲಸ ಅಲ್ಲಿಗೆ ಮುಗಿಯಬೇಕು, ಪಿಪಿಪಿಡಿ ಕೈಗೆ ಲೈನ್ ಒಪ್ಪಿಸಬೇಕು.

ಪಾಸ್‌ವರ್ಡ್ ವಿಷಯ ಬೇಗ ಹೇಳುತ್ತೇನೆ. ಚಾಟ್‌ನ ಸಾಲುಗಳನ್ನು ಕಮಾಂಡ್ ಜೊತೆಗೇ ಬರೆದರೆ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಕಮಾಂಡ್ ಒತ್ತಿದವರಿಗೆಲ್ಲ ಪಾಸ್‌ವರ್ಡ್ ಕಾಣುತ್ತದೆ. ಬೇರೆ ಫೈಲಿನಲ್ಲಿಟ್ಟು ಯಂತ್ರದ ಮುಖ್ಯ ಖಾತೆಯಾದ ರೂಟ್ ಮಾತ್ರ ಓದುವಂತೆ ಮಾಡಬೇಕು.

ನಾನು ಜಾಸ್ತಿ ಯೋಚನೆ ಮಾಡಿದ್ದು ಸೋತಾಗ ಏನು ಮಾಡಬೇಕು ಅನ್ನುವುದರ ಬಗ್ಗೆ. ಚಾಟ್‌ನಲ್ಲಿ ಅಬಾರ್ಟ್ ಅಂತ ಬರೆದು, ಯಾವ ಮಾತು ಬಂದರೆ ಕೂಡಲೇ ನಿಲ್ಲಿಸಬೇಕು ಅಂತ ಹೇಳಬಹುದು. ಮೊದಲ ಅಬಾರ್ಟ್ ಮಾತು ಬಂದರೆ ಅದು 4 ಅನ್ನುವ ಸಂಖ್ಯೆಯೊಂದಿಗೆ ಹೊರಬರುತ್ತದೆ, ಎರಡನೆಯದಕ್ಕೆ 5, ಮೂರನೆಯದಕ್ಕೆ 6. ಬರೀ ಹೊತ್ತು ಮೀರಿದರೆ 3. ಪಿಪಿಪಿಡಿ ಮಾತ್ರ ಈ ವಿವರ ನಮಗೆ ಕೊಡುವುದಿಲ್ಲ, ಕನೆಕ್ಟ್ ಸ್ಕ್ರಿಪ್ಟ್ ಸೋತಿತು ಅಂತಷ್ಟೇ ಹೇಳುತ್ತದೆ. ಹಾಗಾಗಿ ಚಾಟನ್ನು ನೇರವಾಗಿ ಕರೆಯದೆ ನಡುವೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇಟ್ಟೆ. ಅದು ಚಾಟ್ ಕರೆದು, ಬಂದ ಸಂಖ್ಯೆಯನ್ನು ಒಂದು ಫೈಲಿಗೆ ಬರೆಯುತ್ತಿತ್ತು. 4 ಅಂದರೆ ಬ್ಯುಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನ. 5 ಅಂದರೆ ನೋ ಕ್ಯಾರಿಯರ್, ಒಂದೇ ಸಲ ಮರುಪ್ರಯತ್ನ, ಆಮೇಲೆ ಆ ರಾತ್ರಿಗೆ ನಿಲ್ಲಿಸು. 6 ಅಂದರೆ ಪಾಸ್‌ವರ್ಡ್ ತಪ್ಪು, ಅಲ್ಲಿಗೇ ನಿಲ್ಲಿಸು.

ನೋ ಕ್ಯಾರಿಯರ್‌ಗೆ ಅಷ್ಟು ಬಿಗಿ ಯಾಕೆ ಅಂತ ಆಫೀಸಿನವರು ಕೇಳಿದ್ದರು. ಆ ಕಡೆ ನಂಬರ್ ಬದಲಾಗಿದ್ದರೆ ನಮ್ಮ ಯಂತ್ರ ಯಾರದೋ ಮನೆಗೆ ಡಯಲ್ ಮಾಡುತ್ತಿರುತ್ತದೆ. ನಡುರಾತ್ರಿ ಫೋನ್ ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ, ಊರಲ್ಲಿ ಯಾರಿಗೆ ಏನಾಯಿತೋ ಅಂತ. ಎತ್ತಿದರೆ ಬರೀ ಮೌನ, ಅಥವಾ ಕೀರಲು ಸದ್ದು. ಅದನ್ನು ಹತ್ತು ನಿಮಿಷಕ್ಕೊಮ್ಮೆ ಬೆಳಗಿನವರೆಗೆ ಮಾಡುವ ಸ್ಕ್ರಿಪ್ಟನ್ನು ನಾನು ಬರೆಯಲಾರೆ. ಮೇಲ್ ಒಂದು ದಿನ ತಡವಾದರೆ ಆಗಲಿ.

ಚಾಟ್‌ನಲ್ಲಿ ರಿಪೋರ್ಟ್ ಅಂತ ಇನ್ನೊಂದು ಸೌಕರ್ಯವಿದೆ. ಕನೆಕ್ಟ್ ಜೊತೆ ಮೋಡೆಮ್ ಹೇಳುವ ವೇಗವನ್ನು ಅದು ಫೈಲಿಗೆ ಬರೆದಿಡುತ್ತದೆ. ಎಟಿ ಡಬ್ಲ್ಯೂ 2 ಕೊಟ್ಟರೆ ನಮ್ಮ ಮೋಡೆಮ್ ಪೋರ್ಟಿನ ವೇಗದ ಬದಲು ಲೈನಿನ ನಿಜವಾದ ವೇಗ ಹೇಳುತ್ತಿತ್ತು. ಒಣ ದಿನಗಳಲ್ಲಿ 33,600, 31,200. ಜೂನ್ ಮಳೆ ಹಿಡಿದಮೇಲೆ 26,400, 24,000. ನೆಲದೊಳಗಿನ ಕೇಬಲ್ ಜಾಯಿಂಟ್‌ಗಳಿಗೆ ನೀರು ಇಳಿದದ್ದು ಆ ಫೈಲಿನಲ್ಲಿ ಕಾಣುತ್ತಿತ್ತು. ಮಳೆಗಾಲದಲ್ಲಿ ದೊಡ್ಡ ಫೈಲುಗಳನ್ನು ಎರಡು ರಾತ್ರಿಗೆ ಹಂಚಿ ಕಳಿಸುವುದು ಅಂತ ಅದನ್ನು ನೋಡಿಯೇ ತೀರ್ಮಾನ ಮಾಡಿದ್ದು.

ಕರೆ ಮುಗಿಸುವುದಕ್ಕೆ ಫೋನ್ ಇಡು ಅನ್ನುವ ಎಟಿಎಚ್ ಕಳಿಸುವ ಅಗತ್ಯವಿಲ್ಲ. ಪಿಪಿಪಿಡಿಯನ್ನು ನಿಲ್ಲಿಸಿದರೆ ಅದು ಡಿಟಿಆರ್ ಇಳಿಸುತ್ತದೆ. ಮೋಡೆಮ್‌ಗೆ ಆಂಪರ್ಸಂಡ್ ಡಿ 2 ಹೇಳಿದ್ದರೆ ಅದು ಫೋನ್ ಇಡುತ್ತದೆ. ಕೇಬಲ್‌ನ 4ನೇ ಪಿನ್ನು ನೋಡಿಕೊಳ್ಳಿ ಅಂದದ್ದು ಇದಕ್ಕೇ. ಅದಿಲ್ಲದಿದ್ದರೆ ಯಂತ್ರ ಕೆಲಸ ಮುಗಿಯಿತು ಅಂದುಕೊಂಡಿರುತ್ತದೆ, ಲೈನ್ ತೆರೆದೇ ಇರುತ್ತದೆ, ಬಿಲ್ ಏರುತ್ತಾ ಹೋಗುತ್ತದೆ.

ಇದೆಲ್ಲ ಹಳೆಯ ಕಥೆ ಅನಿಸಬಹುದು. ನನ್ನ ಅಕ್ಕನ ಮಗ ಈಗ ಶಿರಾದಲ್ಲಿ ಬೋರ್‌ವೆಲ್ ಪಂಪಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತಿದ್ದಾನೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ರೈತರಿಗೆ ಎಸ್ಸೆಮ್ಮೆಸ್ ಹೋಗಬೇಕು. ಅದರೊಳಗಿನ ಸಿಮ್ ಮಾಡ್ಯೂಲ್ ಮಾತಾಡುವುದು ಎಟಿ ಕಮಾಂಡ್‌ಗಳಲ್ಲೇ. ಮೆಸೇಜ್ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಇಲ್ಲ ಮಾಮ ಅಂತ ಕೋಡ್ ಕಳಿಸಿದ. ನೋಡಿದರೆ ಪ್ರತಿ ಕಮಾಂಡಿನ ನಂತರ ಎರಡು ಸೆಕೆಂಡ್ ಡಿಲೇ ಹಾಕಿದ್ದಾನೆ, ಉತ್ತರ ಓದುತ್ತಲೇ ಇಲ್ಲ. ಡಿಲೇ ಎಲ್ಲ ತೆಗೆ, ಉತ್ತರಕ್ಕೆ ಕಾಯಿ ಅಂದೆ. ನಂಬರ್ ಕೊಟ್ಟಮೇಲೆ ಮಾಡ್ಯೂಲ್ > ಗುರುತು ಕಳಿಸುತ್ತದೆ. ಅದು ಬಂದಮೇಲೆಯೇ ಮೆಸೇಜ್ ಕಳಿಸಬೇಕು, ಕೊನೆಗೆ ಕಂಟ್ರೋಲ್ ಝಡ್. ಆ ಗುರುತು ಬರದೇ ಹೋದರೆ ಏನು ಮಾಡಲಿ ಅಂತ ಕೇಳಿದ. ಎಸ್ಕೇಪ್ ಅಕ್ಷರ ಕಳಿಸಿ ಅದನ್ನು ರದ್ದು ಮಾಡು, ಮತ್ತೆ ಎಟಿ ಕಳಿಸಿ ಓಕೆ ಬರುತ್ತಾ ನೋಡು, ಬಂದರೆ ಮೊದಲಿಂದ ಶುರು ಮಾಡು ಅಂದೆ.