ರಾಮನ್ ನಮ್ಮಲ್ಲಿದ್ದಿದ್ದರೆ ಕಾಪಾ ಬರೆಸುತ್ತಿದ್ದರು

ಔಷಧಿ ಕಂಪನಿಯ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ, ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಈ ಒಂದು ಡೀವಿಯೇಷನ್ (ನಿಯಮ ತಪ್ಪಿದ್ದಕ್ಕೆ ಬರೆಯುವ ವರದಿ) ನೆನಪಾದರೆ ಮಾತ್ರ ಇನ್ನೂ ಮೈ ಉರಿಯುತ್ತದೆ.

ಕ್ಯಾಲ್ಸಿಯಂ ಕಾರ್ಬೊನೇಟ್ ಲೋಡ್ ಬಂದಿತ್ತು. ಹ್ಯಾಂಡ್‌ಹೆಲ್ಡ್ ರಾಮನ್ (ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನಿಂದ ವಸ್ತು ಯಾವುದೆಂದು ಗುರುತಿಸುವ ಕೈಯಂತ್ರ) ಇರುವುದರಿಂದ ಒಳಗಿನ ಲೈನರ್ ಬಿಚ್ಚುವ ಕೆಲಸ ಇಲ್ಲ. ಪಾಲಿಥೀನ್ ಮೇಲೇ ಮೂತಿ ಒತ್ತಿ ಟ್ರಿಗರ್ ಅದುಮಿದರೆ ಐಡಿ ಮುಗಿಯಿತು. ಮೊದಲ ಚೀಲ ಫೇಲ್. ಎರಡನೆಯದೂ ಫೇಲ್. ಯಂತ್ರದ ಗ್ರಾಫ್‌ನಲ್ಲಿ, ಈ ಪುಡಿಗೆ 1086ರಲ್ಲಿ ಇರಬೇಕಾದ ದೊಡ್ಡ ಪೀಕ್ ಇದೆ. ಜೊತೆಗೆ 1296, 1440ರ ಹತ್ತಿರ ಕರೆಯದೇ ಬಂದ ನೆಂಟರ ಹಾಗೆ ಇನ್ನೆರಡು.

ನನಗೆ ತಕ್ಷಣ ಹೊಳೆದದ್ದು ಸ್ಟಿಯರಿಕ್ ಆಸಿಡ್. ಪ್ಲಾಸ್ಟಿಕ್ ಕಂಪನಿಗಳಿಗೆ ಹೋಗುವ ಮಾಲಿಗೆ ಅದರ ಲೇಪ ಇರುತ್ತದೆ. ಆ ಗ್ರೇಡ್ ನಮಗೆ ಬಂದುಬಿಟ್ಟಿದೆ ಅಂತ ತೀರ್ಮಾನಿಸಿಬಿಟ್ಟೆ. ಪ್ರೊಡಕ್ಷನ್‌ನಿಂದ ಫೋನ್ ಮೇಲೆ ಫೋನ್: "ಗ್ರಾನ್ಯುಲೇಷನ್ ನಿಂತಿದೆ, ರಿಲೀಸ್ ಯಾವಾಗ ಸಾರ್?" ಪರ್ಚೇಸ್‌ನವರು, ಹಳೇ ವೆಂಡರ್, ಹಾಗೆಲ್ಲ ಮಾಡುವವರಲ್ಲ ಅಂತ ಪಟ್ಟು. ನಾನು ಲಾಟ್ ಹೋಲ್ಡ್ ಹಾಕಿ, ಕಂಪ್ಲೇಂಟ್ ಮೇಲ್ ಟೈಪ್ ಮಾಡುತ್ತಾ ಕೂತೆ. ಭಾಷೆ ಸ್ವಲ್ಪ ಖಾರವಾಗಿಯೇ ಇತ್ತು.

ಆಗ ನಮ್ಮ ಜೂನಿಯರ್ ಹುಡುಗಿ ಬಂದಳು. "ಸರ್, ಅದು ಚೀಲದ್ದು ಅನ್ಸುತ್ತೆ."

ಬಿಡುವಿದ್ದಾಗ ಕೈಗೆ ಸಿಕ್ಕಿದ್ದಕ್ಕೆಲ್ಲ ಲೇಸರ್ ಹಿಡಿಯುವ ಅಭ್ಯಾಸ ಇವಳಿಗೆ. ಕ್ಯಾಂಟೀನ್ ಸಕ್ಕರೆ, ಉಪ್ಪು, ಖಾಲಿ ಕವರ್. ಒಂದ್ಸಲ "ಉಪ್ಪಿಗೆ ಪೀಕೇ ಬರಲ್ವಲ್ಲ ಸರ್, ಯಾಕೆ?" ಅಂತ ಕೇಳಿದ್ದಳು. "ಮೊದಲು ಕೆಲಸ ನೋಡಮ್ಮ" ಅಂದಿದ್ದೆ. ಈಗ ಅವಳ ಖಾಲಿ ಕವರ್‌ನ ಸ್ಪೆಕ್ಟ್ರಮ್ ತೆಗೆದು ನೋಡಿದರೆ ಅದೇ 1296, ಅದೇ 1440. ಪಾಲಿಥೀನ್‌ಗೂ ಸ್ಟಿಯರಿಕ್ ಆಸಿಡ್‌ಗೂ ಇಂಗಾಲದ ಉದ್ದ ಸರಪಳಿ ಇದೆ, ಹಾಗಾಗಿ ಪೀಕ್‌ಗಳೂ ಹೆಚ್ಚುಕಡಿಮೆ ಒಂದೇ ಕಡೆ. ವೆಂಡರ್ ಲೈನರ್ ಬದಲಾಯಿಸಿ ದಪ್ಪದ್ದು ಹಾಕಿದ್ದ, ಅಷ್ಟೇ. ಪುಡಿಯನ್ನು ಗಾಜಿನ ವಯಲ್‌ಗೆ ಹಾಕಿ ಹಿಡಿದೆವು. ಪಾಸ್.

ಶಭಾಷ್ ಅನ್ನಬೇಕಲ್ವಾ? ನಿಯಮಪಾಲನೆ ನೋಡುವ ಕ್ಯೂಎ ವಿಭಾಗ, ಯಂತ್ರದಲ್ಲಿ ಉಳಿಯುವ ಸ್ಕ್ಯಾನ್‌ಗಳ ದಾಖಲೆ, ಅಂದರೆ ಆಡಿಟ್ ಟ್ರೇಲ್, ತೆಗೆಯಿತು. ಲಿಸ್ಟ್‌ನಲ್ಲಿ ಇಲ್ಲದ ವಸ್ತುಗಳ ಸ್ಕ್ಯಾನ್! ಅವಳ ಮೇಲೆ ಡೀವಿಯೇಷನ್, ಕಾಪಾ (ತಪ್ಪು ತಿದ್ದಿ, ಮತ್ತೆ ಆಗದಂತೆ ತಡೆಯುವ ಕ್ರಮದ ದಾಖಲೆ), ರೀಟ್ರೇನಿಂಗ್. ಕ್ಯೂಎ ಮಾತಲ್ಲೂ ನ್ಯಾಯ ಇದೆ. ಲೆಕ್ಕವಿಲ್ಲದ ಸ್ಕ್ಯಾನ್ ಕಂಡರೆ, ಪಾಸ್ ಆಗುವ ತನಕ ಒತ್ತಿದ್ದೀರಾ ಅಂತ ಆಡಿಟರ್ ಕೇಳಿಯೇ ಕೇಳುತ್ತಾರೆ. ಆದರೆ ರೂಟ್ ಕಾಸ್ ಕಾಲಂನಲ್ಲಿ "ಅನಗತ್ಯ ಕುತೂಹಲ" ಅಂತ ಬರೆಯಬೇಕಿತ್ತಾ?

ಅದೇ ವಾರ ಫೆಬ್ರವರಿ 28 ಬಂತು. ವಿಜ್ಞಾನ ದಿನ, ಲಾಬಿಯಲ್ಲಿ ರಾಮನ್ ಫೋಟೋಗೆ ಹಾರ, ಕ್ವಿಜ್, ಮೈಸೂರು ಪಾಕ್. 1921ರಲ್ಲಿ ಇಂಗ್ಲೆಂಡ್‌ನಿಂದ ಹಡಗಿನಲ್ಲಿ ವಾಪಸ್ ಬರುವಾಗ ಆ ಮನುಷ್ಯ ಮಾಡಿದ್ದೂ ಇದನ್ನೇ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಂತ ದೊಡ್ಡ ವಿಜ್ಞಾನಿ ರ‍್ಯಾಲೇ ಹೇಳಿಬಿಟ್ಟಿದ್ದರು. ಇವರು ಜೊತೆಗಿದ್ದ ನಿಕೋಲ್ ಪ್ರಿಸಂ ಹಿಡಿದು, ಮೇಲ್ಮೈಯ ಪ್ರತಿಬಿಂಬವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತಿತ್ತು. ಆ ಜಾಡು ಹಿಡಿದೇ 1928ರಲ್ಲಿ ಕೋಲ್ಕತ್ತಾದಲ್ಲಿ ಕೆ.ಎಸ್. ಕೃಷ್ಣನ್ ಜೊತೆ ರಾಮನ್ ಪರಿಣಾಮ ಸಿಕ್ಕಿದ್ದು. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸುತ್ತದೆ, ಅದನ್ನು ಹಿಡಿಯುವುದು ಹುಡುಗಾಟವಲ್ಲ. 1960ರಲ್ಲಿ ಲೇಸರ್ ಬಂದ ಮೇಲೇ ಇದು ದಿನಬಳಕೆಯ ಹಾದಿ ಹಿಡಿದಿದ್ದು. ಔಷಧಿ ಗೋಡೌನ್‌ನಲ್ಲಿ ಚೀಲ ಪರೀಕ್ಷಿಸುವ ಯೋಚನೆ ಆ ಹಡಗಿನಲ್ಲಿ ಯಾರಿಗಿತ್ತು?

ಕ್ವಿಜ್‌ನಲ್ಲಿ ಫಸ್ಟ್ ಪ್ರೈಜ್ ಆ ಹುಡುಗಿಗೇ ಬಂತು. ಮಧ್ಯಾಹ್ನ ಅವಳ ರೀಟ್ರೇನಿಂಗ್ ಇತ್ತು, ಟ್ರೇನರ್ ನಾನೇ.

ಪ್ಯಾಕಿಂಗ್ ವಸ್ತುಗಳನ್ನೆಲ್ಲ ಅಧಿಕೃತವಾಗಿ ಸ್ಕ್ಯಾನ್ ಮಾಡಿಡೋಣ ಅಂತ ಆಮೇಲೆ ಪ್ರೊಟೊಕಾಲ್ ಬರೆದು ಕಳಿಸಿದೆವು. "ಉದ್ದೇಶ ಸ್ಪಷ್ಟವಾಗಿಲ್ಲ" ಅಂತ ಎರಡು ಸಲ ವಾಪಸ್ ಬಂದಿದೆ. ಈ ಸಲ ಉದ್ದೇಶದ ಕಾಲಂನಲ್ಲಿ "ಕಾಸ್ಟ್ ಸೇವಿಂಗ್" ಅಂತ ಹಾಕಿದ್ದೇವೆ. ಸೈನ್ ಬೀಳಬಹುದು.