ಮೊದಲು ಬೋರ್ಡು, ಆಮೇಲೆ ಪ್ರೊಸೆಸರ್

ಹೊಸ ಕಂಪ್ಯೂಟರ್ ಕಟ್ಟುತ್ತೇನೆ ಅಂದ ಕೂಡಲೇ ತಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಪ್ರೊಸೆಸರ್ ಯಾವ್ದು?"

"ಅದು ಆಮೇಲೆ ಕಣೋ. ಮೊದ್ಲು ಬೋರ್ಡ್ ನೋಡ್ಬೇಕು."

ಅವನಿಗೆ ಸಮಾಧಾನವಾಗಲಿಲ್ಲ. ಓವರ್‌ಕ್ಲಾಕ್ ಮಾಡೋದು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸೋದು, ಪ್ರೊಸೆಸರನ್ನು ತಾನೇ, ಭಾಗಗಳನ್ನೆಲ್ಲ ಜೋಡಿಸುವ ಮದರ್‌ಬೋರ್ಡಿನದೇನು ಅಂತ ಅವನ ಲೆಕ್ಕ. ಹನ್ನೆರಡು ವರ್ಷದ ಹಿಂದೆ ನನ್ನ ಲೆಕ್ಕವೂ ಅದೇ ಆಗಿತ್ತು. ಅವತ್ತು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಳೆಯ ಯಂತ್ರದಲ್ಲಿದ್ದದ್ದು ಇಂಟೆಲ್ ಕೋರ್ ಐ5-2500ಕೆ, 2011ರ ಚಿಪ್. ಹೆಸರಿನ ಕೊನೆಯ 'ಕೆ' ಅಂದರೆ ಮಲ್ಟಿಪ್ಲೈಯರ್‌ಗೆ ಬೀಗ ಇಲ್ಲ ಅಂತ. ಮೂಲ ಗಡಿಯಾರ 100 ಮೆಗಾಹರ್ಟ್ಸ್, ಅದನ್ನು 33ರಿಂದ ಗುಣಿಸಿದರೆ ಕಂಪನಿ ಕೊಟ್ಟ 3.3 ಗಿಗಾಹರ್ಟ್ಸ್, 45ರಿಂದ ಗುಣಿಸಿದರೆ 4.5. ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಸೆಟ್ಟಿಂಗ್ ತಂತ್ರಾಂಶ) ಒಂದು ಅಂಕಿ ಬದಲಿಸಿ, ವೋಲ್ಟೇಜ್ ಚೂರು ಏರಿಸಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ವೇಗ ಕೈಗೆ ಬರುತ್ತಿತ್ತು. ನಾನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಸಣ್ಣ ಸಣ್ಣ ಅನಿಮೇಷನ್ ಮಾಡುವವಳು. ರಾತ್ರಿ ರೆಂಡರ್‌ಗೆ ಹಚ್ಚಿ ಮಲಗಿದರೆ ಬೆಳಗ್ಗೆ ಎದ್ದಾಗ ಚಿತ್ರಗಳು ತಯಾರಿರಬೇಕು. ನನಗೆ ಆ ಮೂರನೇ ಒಂದು ಪಾಲು ಅಂದರೆ ಒಂದು ರಾತ್ರಿಯಲ್ಲಿ ಮುಗಿಯುವುದಕ್ಕೂ ಮುಗಿಯದೆ ಉಳಿಯುವುದಕ್ಕೂ ಇರುವ ವ್ಯತ್ಯಾಸ.

ಆದರೆ ಮೊದಲ ವರ್ಷ ಆ ವೇಗ ನನಗೆ ಸಿಗಲೇ ಇಲ್ಲ. ಬಯಾಸ್‌ನಲ್ಲಿ 45 ಅಂತಲೇ ಇತ್ತು. ರೆಂಡರ್ ಶುರುವಾದ ಹತ್ತು ನಿಮಿಷಕ್ಕೆ ವೇಗ ಧೊಪ್ಪನೆ 1.6 ಗಿಗಾಹರ್ಟ್ಸ್‌ಗೆ ಬೀಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು. ಪ್ರೊಸೆಸರ್ ಬಿಸಿ ನೋಡಿದರೆ 64 ಡಿಗ್ರಿ, ಹೆದರುವಂಥದ್ದೇನಲ್ಲ. ಕೂಲರ್ ಬಿಚ್ಚಿ ಪೇಸ್ಟ್ ಹೊಸದಾಗಿ ಹಚ್ಚಿದೆ, ಇನ್ನೊಂದು ಫ್ಯಾನ್ ಸೇರಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಒಂದು ದಿನ ಕೇಸ್ ತೆರೆದಿಟ್ಟು ರೆಂಡರ್ ಹಚ್ಚಿ, ಪ್ರೊಸೆಸರ್ ಕೂರುವ ಸಾಕೆಟ್ಟಿನ ಎಡಪಕ್ಕದ ಪುಟ್ಟ ಕಪ್ಪು ಚಿಪ್‌ಗಳ ಮೇಲೆ ಅಂಗೈ ಹಿಡಿದೆ. ಮುಟ್ಟುವ ಮುಂಚೆಯೇ ಕಾವು ತಟ್ಟಿತು. ಅವುಗಳ ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಅನ್ನುವುದೇ ಇರಲಿಲ್ಲ. ಸುಡುತ್ತಿದ್ದದ್ದು ಬೋರ್ಡು. ತನ್ನನ್ನು ಉಳಿಸಿಕೊಳ್ಳಲು ಅದು ಪ್ರೊಸೆಸರಿನ ಕತ್ತು ಹಿಡಿಯುತ್ತಿತ್ತು.

ಆ ಜಾಗಕ್ಕೆ ವಿಆರ್‌ಎಂ (ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್) ಅನ್ನುತ್ತಾರೆ. ಪವರ್ ಸಪ್ಲೈ ಕೊಡುವುದು 12 ವೋಲ್ಟ್, ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2 ವೋಲ್ಟ್. ಇಳಿಸುವ ಕೆಲಸ ಈ ಚಿಪ್‌ಗಳದ್ದು. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರುತ್ತದೆ: 140 ವ್ಯಾಟ್ ಎಳೆಯುವ ಪ್ರೊಸೆಸರಿಗೆ ಅಲ್ಲಿ ನೂರು ಆಂಪಿಯರ್‌ಗೂ ಮಿಕ್ಕಿ ಹರಿಯಬೇಕು. ನೂರಕ್ಕೆ ತೊಂಬತ್ತರಷ್ಟು ದಕ್ಷವಾಗಿ ಇಳಿಸುತ್ತದೆ ಅಂತಿಟ್ಟುಕೊಂಡರೂ ಹದಿನೈದು ವ್ಯಾಟ್ ಆ ಬೆರಳುಗುರಿನಷ್ಟು ಚಿಪ್‌ಗಳಲ್ಲೇ ಬಿಸಿಯಾಗಿ ಉಳಿಯುತ್ತದೆ. ಹತ್ತಿರದ ಕೆಪಾಸಿಟರ್‌ಗಳಿಗೂ ಅದರ ಕಾವು ತಟ್ಟುತ್ತದೆ. ಹತ್ತು ಡಿಗ್ರಿ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕಾಚಾರ.

ಬೋರ್ಡ್ ಬದಲಿಸಿದೆ. ಅದೇ ಚಿಪ್, ಅದೇ ಕೂಲರ್, ಅದೇ ರ‍್ಯಾಮ್. 4.5ರಲ್ಲಿ ಹನ್ನೊಂದು ವರ್ಷ ಓಡಿತು.

ಹಾಗಾಗಿ ಈ ಸಲ ಹುಡುಕಾಟ ಶುರುವಾದದ್ದು ವಿಆರ್‌ಎಂ ನೋಡುವುದರಿಂದ. ವೋಲ್ಟೇಜ್ ಇಳಿಸುವ ಕೆಲಸವನ್ನು ಸರದಿಯಲ್ಲಿ ಹಂಚಿಕೊಳ್ಳುವ ಸಾಲುಗಳಿಗೆ 'ಫೇಸ್' ಅನ್ನುತ್ತಾರೆ. ಪೆಟ್ಟಿಗೆಯ ಮೇಲೆ ಬರೆದ ಅವುಗಳ ಸಂಖ್ಯೆಯೊಂದನ್ನೇ ನಂಬಬೇಡಿ. ಹದಿನಾರು ಅಂತ ಬರೆದಿದ್ದರೂ ಕಂಟ್ರೋಲರ್ ನಿಜವಾಗಿ ನಡೆಸುತ್ತಿರುವುದು ಎಂಟೇ ಇದ್ದು, ಒಂದೊಂದಕ್ಕೂ ಕರೆಂಟ್ ಹರಿಸುವ ಚಿಪ್, ಅಂದರೆ ಪವರ್ ಸ್ಟೇಜ್, ಎರಡೆರಡು ಜೋಡಿಸಿರಬಹುದು. ಅದು ತಪ್ಪೇನಲ್ಲ, ಒಳ್ಳೆಯ ಬೋರ್ಡುಗಳಲ್ಲೂ ಹಾಗೆ ಮಾಡುತ್ತಾರೆ. ಕೇಳಬೇಕಾದದ್ದು ಒಂದೊಂದು ಪವರ್ ಸ್ಟೇಜ್ ಎಷ್ಟು ಆಂಪಿಯರಿನದು, ಅದರ ಮೇಲೆ ಕೂತ ಹೀಟ್‌ಸಿಂಕ್ ನಿಜವಾದ ಲೋಹದ್ದೋ ಚಂದಕ್ಕೆ ಹೊದಿಸಿದ ಪ್ಲಾಸ್ಟಿಕ್ಕೋ ಎನ್ನುವುದು. ನಾನು ಆರಿಸಿದ್ದರಲ್ಲಿ ಪ್ರೊಸೆಸರಿಗೆಂದೇ 60 ಆಂಪಿಯರಿನ ಹನ್ನೆರಡು ಪವರ್ ಸ್ಟೇಜ್‌ಗಳಿವೆ. ಬೇಕಾದದ್ದು ನೂರಿಪ್ಪತ್ತು ಆಂಪಿಯರ್, ಇರುವುದು 720, ಯಾಕಿಷ್ಟು ಅಂತ ತಮ್ಮ ಕೇಳಿದ. ಹಂಚಿಕೊಂಡರೆ ಒಂದೊಂದರ ಪಾಲಿಗೆ ಹತ್ತೇ ಆಂಪಿಯರ್, ಅದೂ ಅವು ಹೆಚ್ಚು ಬಿಸಿಯಾಗದೆ ಕೆಲಸ ಮಾಡುವ ಜಾಗದಲ್ಲಿ. ಓವರ್‌ಕ್ಲಾಕಿಂಗ್‌ಗೆ ಭಾಗ ಆರಿಸುವುದೆಂದರೆ ಹೀಗೆ ಮಿಗಿಸಿಕೊಳ್ಳುವುದೇ. ಯಾವ ಭಾಗವೂ ತನ್ನ ಎಲ್ಲೆಗೆ ತಾಗಿಕೊಂಡು ಓಡಬಾರದು.

ಬೋರ್ಡಿನ ಸೌಲಭ್ಯಗಳನ್ನು ತೀರ್ಮಾನಿಸುವ ಚಿಪ್‌ಸೆಟ್ ವಿಷಯದಲ್ಲಿ ದಾರಿ ತಪ್ಪುವುದು ಸುಲಭ. ಇಂಟೆಲ್ ಕಡೆ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬೇಕಾದರೆ 'ಕೆ' ಚಿಪ್ ಜೊತೆ ಝಡ್ ಸರಣಿಯ ಬೋರ್ಡೇ ಬೇಕು. ಬಿ760ಯಂಥವು ಮೆಮೊರಿಯ ವೇಗ ಏರಿಸಲು ಮಾತ್ರ ಬಿಡುತ್ತವೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಮ್‌ಡಿಯಲ್ಲಿ ಬಿ650 ಸಾಕು. ಎ620 ಮಾತ್ರ ಪ್ರೊಸೆಸರ್ ಮುಟ್ಟಲು ಬಿಡುವುದಿಲ್ಲ. ಎಕ್ಸ್670 ತೆಗೆದುಕೊಂಡರೆ ಸಿಗುವುದು ಹೆಚ್ಚಿನ ಪೋರ್ಟುಗಳು, ಹೆಚ್ಚಿನ ವೇಗವಲ್ಲ. ನಾನು ಬಿ650 ಹಿಡಿದೆ. ಹಿಂಭಾಗದಲ್ಲಿ ಬಯಾಸ್ ಸೆಟ್ಟಿಂಗ್ ಅಳಿಸುವ ಗುಂಡಿ, ಪ್ರೊಸೆಸರ್ ಇಲ್ಲದೆಯೂ ಯುಎಸ್‌ಬಿಯಿಂದ ಬಯಾಸ್ ಹಾಕುವ ಗುಂಡಿ, ತಪ್ಪಿನ ಸಂಖ್ಯೆ ತೋರಿಸುವ ಪುಟ್ಟ ಪರದೆ, ಈ ಮೂರೂ ಇರಲೇಬೇಕು ಅಂತ ಹಟ ಹಿಡಿದೆ. ಒಂದೇ ಸಂಜೆಯಲ್ಲಿ ಹದಿನೈದು ಸಲ ಬೂಟ್ ಆಗದೆ ನಿಲ್ಲುವ ಯಂತ್ರದ ಮುಂದೆ ಕೂತವರಿಗೆ ಇವುಗಳ ಬೆಲೆ ಗೊತ್ತು.

ಪ್ರೊಸೆಸರ್ ಎಎಮ್‌ಡಿಯ ರೈಜೆನ್ 7 7700ಎಕ್ಸ್. ಎಂಟು ಕೋರ್ (ಲೆಕ್ಕ ಮಾಡುವ ಘಟಕ), ಬೀಗ ಇಲ್ಲ. ದೊಡ್ಡ ಕ್ಯಾಶ್ (ಒಳಗಿನ ವೇಗದ ಮೆಮೊರಿ) ಇರುವ 7800ಎಕ್ಸ್3ಡಿ ಆಟಗಳಿಗೆ ಇದಕ್ಕಿಂತ ಮೇಲು, ಆದರೆ ಅದರ ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದ್ದಾರೆ. ಆ ಸಾಲಿನಲ್ಲಿ ಬೀಗ ತೆರೆದದ್ದು 2024ರ 9800ಎಕ್ಸ್3ಡಿ ಬಂದಾಗ. ತಮ್ಮನಿಗೆ ಒಂದು ಮಾತು ಬಿಡಿಸಿ ಹೇಳಬೇಕಾಯಿತು: 2500ಕೆ ಕಾಲದ ಏರಿಕೆ ಈಗ ಯಾರಿಗೂ ಸಿಗುವುದಿಲ್ಲ. ಇವತ್ತಿನ ಚಿಪ್‌ಗಳನ್ನು ಕಾರ್ಖಾನೆಯಲ್ಲೇ ತುದಿಯವರೆಗೆ ಎಳೆದು ಕಳಿಸುತ್ತಾರೆ. 7700ಎಕ್ಸ್ ತಾನಾಗಿಯೇ 5.4 ಗಿಗಾಹರ್ಟ್ಸ್ ಮುಟ್ಟುತ್ತದೆ. ಮೇಲೆ ಉಳಿದಿರುವುದು ಕೆಲವೇ ಹೆಜ್ಜೆ.

ಆ ಕೆಲವು ಹೆಜ್ಜೆಗೆ ತೆರುವ ಬೆಲೆಯೂ ದೊಡ್ಡದು. ಚಿಪ್ಪಿನ ಬಿಸಿ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. ನೂರಕ್ಕೆ ಐದು ವೇಗ ಗಳಿಸಲು 1.25 ವೋಲ್ಟನ್ನು 1.35ಕ್ಕೆ ಏರಿಸಿದೆವು ಅನ್ನಿ. 1.08ರ ವರ್ಗ 1.166, ಅದನ್ನು 1.05ರಿಂದ ಗುಣಿಸಿದರೆ 1.22. ಐದಕ್ಕೆ ಇಪ್ಪತ್ತೆರಡು ತೆತ್ತ ಹಾಗೆ. ಆದ್ದರಿಂದ ನಾನು ಉಲ್ಟಾ ಹಾದಿ ಹಿಡಿದಿದ್ದೇನೆ. ಕರ್ವ್ ಆಪ್ಟಿಮೈಜರ್ ಅಂತ ಒಂದು ಸೌಲಭ್ಯವಿದೆ, ರೈಜೆನ್ 5000 ಸರಣಿಯ ಕಾಲಕ್ಕೆ ಬಂದದ್ದು. ಒಂದೊಂದು ಕೋರಿಗೂ ಬೇರೆ ಬೇರೆಯಾಗಿ ವೋಲ್ಟೇಜ್ ಇಳಿಸಬಹುದು. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಎಷ್ಟು ಇಳಿಸಬಹುದು ಅನ್ನುವುದು ಅದೃಷ್ಟ, ಒಂದೇ ಹೆಸರಿನ ಎರಡು ಚಿಪ್ ಒಂದೇ ಥರ ಇರುವುದಿಲ್ಲ.

ಇನ್ನು ಕೂಲರ್. ನೀರಿನ ಕೂಲರ್ ಹಾಕು ಅಂತ ಹೇಳಿದವರೇ ಹೆಚ್ಚು. ನಾನು ಎರಡು ಗೋಪುರದ ಗಾಳಿ ಕೂಲರ್ ತೆಗೆದುಕೊಂಡೆ, 140 ಮಿಲಿಮೀಟರಿನ ಎರಡು ಫ್ಯಾನಿನದು. ಈ ಪ್ರೊಸೆಸರಿನಲ್ಲಿ ಬಿಸಿ ಹುಟ್ಟುವ ಕೋರ್‌ಗಳ ಚಿಪ್ಪಿನ ಅಳತೆ ಸುಮಾರು 70 ಚದರ ಮಿಲಿಮೀಟರ್ ಅಷ್ಟೇ, ಅದೂ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಅಷ್ಟು ಚಿಕ್ಕ ಜಾಗದಿಂದ ದಪ್ಪ ಮುಚ್ಚಳ ದಾಟಿ ಬಿಸಿ ಹೊರಗೆ ಬರುವುದೇ ಕಷ್ಟ. ಹಾಗಿದ್ದಾಗ ಮೇಲೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಲಾಭಕ್ಕೆ ಮಿತಿಯುಂಟು. 95 ಡಿಗ್ರಿವರೆಗೆ ಓಡಲೆಂದೇ ಈ ಚಿಪ್ ರೂಪಿಸಿದ್ದಾರೆ, ಆ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಇನ್ನೊಂದು ಕಾರಣ ಮತ್ತೆ ಆ ವಿಆರ್‌ಎಂ. ಗಾಳಿ ಕೂಲರಿನ ಫ್ಯಾನ್ ಸಾಕೆಟ್ಟಿನ ಸುತ್ತಲೂ ಗಾಳಿ ಆಡಿಸುತ್ತದೆ. ನೀರಿನದಾದರೆ ಅಲ್ಲಿ ಪಂಪ್ ಮಾತ್ರ ಕೂತಿರುತ್ತದೆ, ಸುತ್ತಲ ಗಾಳಿ ನಿಂತುಬಿಡುತ್ತದೆ. ಇನ್ನೂರೈವತ್ತು ವ್ಯಾಟ್ ಎಳೆಯುವ ಪ್ರೊಸೆಸರ್ ಕಟ್ಟುವವರಾದರೆ 360 ಮಿಲಿಮೀಟರಿನ ನೀರಿನ ಕೂಲರನ್ನೇ ಹಾಕಿ. ಆದರೆ ವಿಆರ್‌ಎಂ ಕಡೆಗೆ ಒಂದು ಫ್ಯಾನ್ ತಿರುಗಿಸಿ, ಪಂಪ್ ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಬಾರದಂತೆ ನೋಡಿಕೊಳ್ಳಿ. ಗಾಳಿಗುಳ್ಳೆ ಸೇರುವುದೇ ಎತ್ತರದ ಜಾಗದಲ್ಲಿ.

ರ‍್ಯಾಮ್ (ಅಂದರೆ ಮೆಮೊರಿ) ಬಗ್ಗೆ ಬರೆಯುವಾಗ ಈಗಲೂ ಹೊಟ್ಟೆ ತೊಳಸುತ್ತದೆ. ಹಳೆಯ ಯಂತ್ರದಲ್ಲಿ 1600 ವೇಗದ ಡಿಡಿಆರ್3 ಪೀಳಿಗೆಯ ಪಟ್ಟಿಗಳನ್ನು 1866ಕ್ಕೆ ಏರಿಸಿದ್ದೆ. ಒಂದು ತಾಸು ಪರೀಕ್ಷೆ ಮಾಡಿ, ಎಲ್ಲ ಸರಿ ಇದೆ ಅಂದುಕೊಂಡೆ. ಮೂರು ವಾರ ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೆ ಒಂದು ಝಿಪ್ ಕಡತ ಬಿಚ್ಚಲಿಲ್ಲ, ಇನ್ನೊಂದೂ ಬಿಚ್ಚಲಿಲ್ಲ. ಅಜ್ಜಿಯ ಫೋಟೋಗಳ ಫೋಲ್ಡರ್ ತೆರೆದು ನೋಡಿದರೆ ಹಲವು ಚಿತ್ರಗಳ ಕೆಳಗಿನ ಅರ್ಧ ಬೂದು ಬಣ್ಣ. ಆ ಮೂರು ವಾರದಲ್ಲಿ ನಕಲು ಮಾಡಿದ ಪ್ರತಿಯೊಂದೂ ಆ ಕೆಟ್ಟ ರ‍್ಯಾಮ್ ಮೂಲಕವೇ ಹಾದುಹೋಗಿತ್ತು. ಬ್ಯಾಕಪ್ ಕೂಡ. ಪ್ರೊಸೆಸರ್ ತಪ್ಪಿದರೆ ಹೆಚ್ಚಾಗಿ ಯಂತ್ರ ನಿಂತು ಹೇಳುತ್ತದೆ. ರ‍್ಯಾಮ್ ತಪ್ಪಿದರೆ ಸದ್ದಿಲ್ಲದೆ ಬರೆಯುತ್ತಾ ಹೋಗುತ್ತದೆ.

ಈ ಸಲ 16 ಜಿಬಿಯ ಎರಡು ಪಟ್ಟಿ, ಡಿಡಿಆರ್5 6000, ಸಿಎಲ್30. ದೊಡ್ಡ ವೇಗದ ಸಂಖ್ಯೆಗೆ ಮರುಳಾಗದೆ ಸಿಎಲ್ ಕೂಡ ನೋಡಿ, ಅಂದರೆ ಕೇಳಿದ ಮಾಹಿತಿ ಕೊಡಲು ಮೆಮೊರಿ ಕಾಯಿಸುವ ಗಡಿಯಾರದ ಸುತ್ತುಗಳ ಸಂಖ್ಯೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 6000, ಸಿಎಲ್30ಕ್ಕೆ 10. ಅದೇ 6000 ಇದ್ದು ಸಿಎಲ್36 ಆದರೆ 12. ಈ ಪೀಳಿಗೆಯ ರೈಜೆನ್‌ನಲ್ಲಿ 6000ದವರೆಗೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ಮೆಮೊರಿಯ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುವುದು ಸಾಮಾನ್ಯ. ಅದರಾಚೆ ತುಂಬ ಎಳೆದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯಬೇಕಾಗಿ ಬಂದು ಗಳಿಸಿದ್ದು ಕಳೆದುಹೋಗುತ್ತದೆ. ನಾಲ್ಕು ಪಟ್ಟಿ ಹಾಕಬೇಡಿ. ರೈಜೆನ್ 7000ಕ್ಕೆ ಎಎಮ್‌ಡಿ ಹೇಳುವ ಅಧಿಕೃತ ವೇಗ ಎರಡು ಪಟ್ಟಿಗೆ 5200, ನಾಲ್ಕಕ್ಕೆ 3600, ಅಷ್ಟು ಅಂತರ. ಎರಡೇ ಪಟ್ಟಿಯನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಒಳಗಿನ ಚಿಪ್ ಯಾರದ್ದು ಅನ್ನುವುದೂ ಮುಖ್ಯ. ಡಿಡಿಆರ್4 ಕಾಲದಲ್ಲಿ ಸ್ಯಾಮ್‌ಸಂಗ್ ಬಿ-ಡೈ ಹುಡುಕಿ ತರುತ್ತಿದ್ದ ಹಾಗೆ ಈಗ ಹೈನಿಕ್ಸ್ ಎ-ಡೈ, ಎಂ-ಡೈ ಹುಡುಕುತ್ತಾರೆ, ನಾನೂ ಅದನ್ನೇ ಹುಡುಕಿದೆ. ಬಿಸಿ ಹರಡುವ ಹೊದಿಕೆ (ಹೀಟ್‌ಸ್ಪ್ರೆಡರ್) ಗಿಡ್ಡದಿರುವ ಪಟ್ಟಿ ಆರಿಸಿದೆ, ಕೂಲರಿನ ಮುಂದಿನ ಫ್ಯಾನಿಗೆ ತಾಗದಿರಲಿ ಅಂತ. ಇದನ್ನು ಕೊಳ್ಳುವ ಮುಂಚೆ ಮಿಲಿಮೀಟರಿನಲ್ಲಿ ಅಳೆದು ನೋಡಿ.

ಪವರ್ ಸಪ್ಲೈ 750 ವ್ಯಾಟಿನದು. ಇರುವ ಗ್ರಾಫಿಕ್ಸ್ ಕಾರ್ಡ್ 200 ವ್ಯಾಟಿನದು, ಪ್ರೊಸೆಸರ್ 142ರವರೆಗೆ ಎಳೆಯುತ್ತದೆ, ಇಷ್ಟು ಧಾರಾಳ. 80 ಪ್ಲಸ್ ಗೋಲ್ಡ್ ಅನ್ನುವ ಚೀಟಿ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು, ಕೊಡುವ ವೋಲ್ಟೇಜ್ ಎಷ್ಟು ಶುದ್ಧ ಅನ್ನುವುದನ್ನಲ್ಲ. ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ತಂತಿಯಲ್ಲಿ ಏರಿಳಿತ 120 ಮಿಲಿವೋಲ್ಟ್ ಮೀರಬಾರದು. ಒಳ್ಳೆಯ ವಿಮರ್ಶೆಗಳಲ್ಲಿ ಆಸಿಲೋಸ್ಕೋಪ್ ಹಚ್ಚಿ ಅಳೆದಿರುತ್ತಾರೆ, ಅಂಥದ್ದು ಓದಿ ಆರಿಸಿ. ಹಳೆಯ ಪವರ್ ಸಪ್ಲೈನ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಲೇಬೇಡಿ. ಸಪ್ಲೈ ಬದಿಯ ಪಿನ್‌ಗಳ ಜೋಡಣೆಗೆ ಸಾಮಾನ್ಯ ನಿಯಮವಿಲ್ಲ, ಕನೆಕ್ಟರ್ ಸರಿಯಾಗಿ ಕೂತರೂ ಡಿಸ್ಕ್ ಸುಟ್ಟುಹೋಗಬಹುದು.

ಕೇಸ್ ಮುಂಭಾಗ ಜಾಲರಿಯದ್ದು. ಎಸ್‌ಎಸ್‌ಡಿ ಹಳೆಯದೇ.

ಜೋಡಿಸಿ ಮೊದಲ ಸಲ ಗುಂಡಿ ಒತ್ತಿದಾಗ ಪರದೆ ಕಪ್ಪಗೇ ಇತ್ತು. ಒಂದು ನಿಮಿಷ, ಎರಡು ನಿಮಿಷ. "ಅಕ್ಕಾ, ಹೋಯ್ತು ಅನ್ಸತ್ತೆ," ಅಂದ ತಮ್ಮ, ವಿಡಿಯೊ ಕಾಲ್‌ನಲ್ಲಿ. "ಇರೋ, ನಂಬರ್ ಓಡ್ತಿದೆ ನೋಡು." ಬೋರ್ಡಿನ ಪುಟ್ಟ ಪರದೆಯಲ್ಲಿ ಸಂಖ್ಯೆ ಬದಲಾಗುತ್ತಿತ್ತು, ಮೆಮೊರಿ ತನ್ನನ್ನು ತಾನು ಹೊಂದಿಸಿಕೊಳ್ಳುತ್ತಿತ್ತು. ಡಿಡಿಆರ್5 ಬೋರ್ಡುಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಐದನೇ ನಿಮಿಷಕ್ಕೆ ಬಯಾಸ್ ಬಂತು. ಆಪರೇಟಿಂಗ್ ಸಿಸ್ಟಮ್ ಹಾಕುವ ಮುಂಚೆ ಇಡೀ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ.

ಕರ್ವ್ ಆಪ್ಟಿಮೈಜರಿನಲ್ಲಿ ಎಲ್ಲ ಕೋರ್‌ಗೂ −20, ಅಂದರೆ ಇಪ್ಪತ್ತು ಮೆಟ್ಟಿಲಿನ ಇಳಿಕೆ, ಕೊಟ್ಟಿದ್ದೆ. ಎಂಟು ತಾಸಿನ ರೆಂಡರ್ ಮುಗಿಸಿತು. ಮರುದಿನ ಸುಮ್ಮನೆ ಒಂದು ಪುಟ ಓದುತ್ತಾ ಕೂತಾಗ ತಾನಾಗಿ ರೀಸ್ಟಾರ್ಟ್ ಆಯಿತು. ಭಾರ ಕಡಿಮೆ ಇದ್ದಾಗಲೇ ಒಂದೊಂದು ಕೋರ್ ಅತಿ ಎತ್ತರಕ್ಕೆ ಜಿಗಿಯುವುದು, ಆಗಲೇ ವೋಲ್ಟೇಜ್ ಸಾಲದೆ ಬರುವುದು. ಎಲ್ಲಕ್ಕಿಂತ ಚುರುಕಾದ ಕೋರ್‌ಗಳು ತಾಳಿಕೊಳ್ಳುವ ಇಳಿಕೆಯೇ ಸಾಮಾನ್ಯವಾಗಿ ಕಡಿಮೆ.

2500ಕೆ ವೋಲ್ಟೇಜುಗಳನ್ನು ಬರೆದಿಟ್ಟಿದ್ದ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದ್ದೇನೆ. ಈ ಹೊತ್ತಿಗೆ ಅಲ್ಲಿರುವುದು: ಮೆಮೊರಿ 6000, ಸಿಎಲ್30, ಬಿಸಿ 51 ಡಿಗ್ರಿ, ದೋಷ 0. ಕೋರ್ 2 −8, ಕೋರ್ 5 −12, ಉಳಿದವು −20. ವಿಆರ್‌ಎಂ, ಎರಡು ತಾಸಿನ ರೆಂಡರ್ ಆದ ಮೇಲೆ, 56 ಡಿಗ್ರಿ. ಕೋರ್ 5ರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ, ಅದರ ಪರೀಕ್ಷೆ ಇವತ್ತು ರಾತ್ರಿ.